ಬದುಕಿದ್ದವನ ಫೋಟೋಗೆ ಹಾಕಿದ ಹಾರ

ನನ್ನನ್ನು ಅಮೆರಿಕದ ಸೈನ್ಯ ರಕ್ಷಿಸಿ ತಂದಿತು. ಈ ಮಾತನ್ನು ನಮ್ಮ ಮನೆಗೆ ಬಂದವರೆಲ್ಲ ಎಷ್ಟು ಸಲ ಹೇಳಿದರೆಂದರೆ, ಕೊನೆಕೊನೆಗೆ ಅದು ಕಿವಿಗೆ ಬಿದ್ದರೆ ಸಾಕು, ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯಬೇಕು ಅನ್ನಿಸುತ್ತಿತ್ತು. ಒಂದು ಸಲ ಕಾಫಿ ಲೋಟ ಒಗೆದೂ ಒಗೆದೆ. ಅಮ್ಮ ನೆಲ ಒರೆಸಿದಳು.

ಆಗ ನಾನು ಕೆರಿಬಿಯನ್ ಸಮುದ್ರದ ಗ್ರೆನಡಾ ಎಂಬ ಪುಟ್ಟ ದ್ವೀಪದೇಶದಲ್ಲಿ ಮೆಡಿಸಿನ್ ಓದುತ್ತಿದ್ದೆ. ಅಷ್ಟು ದೂರ ಯಾಕೆಂದರೆ, ಅಮೆರಿಕದ ಯಾವ ಕಾಲೇಜೂ ನನಗೆ ಸೀಟು ಕೊಡಲಿಲ್ಲ. ಡೆಟ್ರಾಯಿಟ್ ಸುತ್ತಮುತ್ತಲ ನಮ್ಮ ಕನ್ನಡದವರಲ್ಲಿ ದ್ವೀಪದ ಕಾಲೇಜು ಅಂದರೆ ಮೂಗು ಮುರಿಯುವ ವಿಷಯ. ಯಾರಾದರೂ ಕೇಳಿದರೆ ಅಮ್ಮ "ಮಗಳು ಮೆಡಿಸಿನ್ ಮಾಡ್ತಿದಾಳೆ" ಅಂದುಬಿಟ್ಟು ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದಳು. ಎಲ್ಲಿ ಅನ್ನುವ ಪ್ರಶ್ನೆ ಬರುವ ಹೊತ್ತಿಗೆ ಅವಳು ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುತ್ತಿದ್ದಳು.

ಮನೆ ಇದ್ದದ್ದು ಡೆಟ್ರಾಯಿಟ್ ಪಕ್ಕದ ನೋವೈ ಊರಿನಲ್ಲಿ. ಈಗಿನ ದೇವಸ್ಥಾನ, ಇಂಡಿಯನ್ ಗ್ರೋಸರಿ ಯಾವುದೂ ಆಗ ಇರಲಿಲ್ಲ. ಅಪ್ಪ ಡಿಯರ್‌ಬಾರ್ನ್‌ನ ಒಂದು ಕಂಪನಿಯಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡುವ ಎಂಜಿನಿಯರ್. ರಿಸೆಷನ್ ಬಂದು ಕಾರು ಕೊಳ್ಳುವವರೇ ಇಲ್ಲದಂತಾದಾಗ ಅವರನ್ನು ಲೇಆಫ್ ಮಾಡಿದರು. "ಮತ್ತೆ ಕರೀತೀವಿ" ಅಂದಿದ್ದರು. ಅಪ್ಪ ಫೋನ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಕೂತೂ ಕೂತೂ ಬೇಸರವಾಗಿ ಅಡಿಗೆಮನೆಗೆ ಬಂದು, ಹುರುಳಿಕಾಯಿಯನ್ನು ಕೈ ಕಡಿಮೆ ಆಡಿಸಿ ಹೆಚ್ಚುವುದು ಹೇಗೆಂದು ಅಮ್ಮನಿಗೆ ಪಾಠ ಹೇಳತೊಡಗಿದ್ದರಂತೆ. ಅಮ್ಮ ಮಾಲ್‌ನಲ್ಲಿ ಪ್ಯಾಂಟಿನ ಅಂಚು ಹೊಲಿಯುವ ಕೆಲಸಕ್ಕೆ ಸೇರಿದಳು. ಮನೆ ಕೈಬಿಟ್ಟು ಹೋಗುವ ಹೊತ್ತು ಬಂದಿತ್ತು. ಅಪ್ಪನಿಗೆ ಆ ಕೆಲಸ ವಾಪಸು ಸಿಗಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ.

ದ್ವೀಪದಲ್ಲಿ ನಾನು ಹಾಸ್ಟೆಲಿನಲ್ಲಿರಲಿಲ್ಲ. ಗುಡ್ಡದ ಬುಡದಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ರೂಮು ಮಾಡಿಕೊಂಡಿದ್ದೆ. ಜೋರು ಬಾಯಿಯ ಹೆಂಗಸು, ನಾನೂ ಹಾಗೇ ಆದ್ದರಿಂದ ನಮಗೆ ಚೆನ್ನಾಗಿ ಹೊಂದಿಕೆಯಾಗಿತ್ತು. ಅವಳ ತಂಗಿ ಗುಡ್ಡದ ಮೇಲಿನ ಹುಚ್ಚಾಸ್ಪತ್ರೆಯಲ್ಲಿದ್ದಳು. ಮದುವೆಯಾಗದೆ, ವಯಸ್ಸು ಮೀರಿ, ಎಷ್ಟೋ ವರ್ಷದಿಂದ ಅಲ್ಲೇ ಇದ್ದವಳು. ಭಾನುವಾರ ಮನೆಯೊಡತಿ ಅನ್ನ, ಮೀನು ಕಟ್ಟಿಕೊಂಡು ಹೊರಟರೆ ನಾನೂ ಜೊತೆಗೆ ಹೋಗುತ್ತಿದ್ದೆ. ತಂಗಿಗೆ ನನ್ನ ಹಣೆಯ ಕುಂಕುಮದ ಮೇಲೆ ಕಣ್ಣು. ಮೊದಲ ದಿನವೇ ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಪ್ರತಿ ಸಲವೂ ಅವಳಿಗೆ ಇಟ್ಟೇ ನಾನು ಏಳಬೇಕು, ಇಲ್ಲದಿದ್ದರೆ ಸೆರಗು ಬಿಡುತ್ತಿರಲಿಲ್ಲ. ಸೀರೆ ಉಟ್ಟು ಬಾ ಅಂತಲೂ ಅವಳದೇ ಹಟ. ಆ ಬಿಸಿಲಲ್ಲಿ ಸೀರೆ ಉಟ್ಟು ಗುಡ್ಡ ಹತ್ತುತ್ತಾ ಅವಳನ್ನು ಬಯ್ದುಕೊಂಡಿದ್ದೇನೆ.

1983ರ ಆ ಅಕ್ಟೋಬರಿನಲ್ಲಿ ಅಲ್ಲಿನ ಸರಕಾರದವರು ಒಳಗೊಳಗೇ ಕಚ್ಚಾಡಿಕೊಂಡರು. ಅವರ ಸೈನ್ಯವೇ ಅವರ ಪ್ರಧಾನಿಯನ್ನು ಕೊಂದಿತು. ಹೊರಗೆ ಕಾಲಿಟ್ಟರೆ ಗುಂಡು ಅಂತ ಕರ್ಫ್ಯೂ ಹಾಕಿದರು. ಹೆದರಿಕೆ ಆಗಲಿಲ್ಲವಾ ಅಂದರೆ ಆಯಿತು, ಸುಳ್ಳು ಯಾಕೆ ಹೇಳಲಿ. ಮಂಚದ ಕೆಳಗೆ ಮಲಗಿದ್ದೇನೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಅಮೆರಿಕದ ಸೈನ್ಯ ಬಂದಿಳಿಯಿತು, ನಮ್ಮಂಥ ವಿದ್ಯಾರ್ಥಿಗಳನ್ನು ಕಾಪಾಡಲಿಕ್ಕೆ. ಮೊದಲ ದಿನವೇ ವಿಮಾನದಿಂದ ಬಿದ್ದ ಬಾಂಬು ಆ ಹುಚ್ಚಾಸ್ಪತ್ರೆಯ ಮೇಲೆ ಬಿತ್ತು. ಪಕ್ಕದ ಕೋಟೆ ಅಂದುಕೊಂಡರಂತೆ, ತಪ್ಪಾಯಿತಂತೆ.

ಮನೆಯೊಡತಿ ಹೊಗೆ ನೋಡಿದವಳೇ ಯಾರು ತಡೆದರೂ ನಿಲ್ಲದೆ ಮೇಲೆ ಹೋದಳು. ಮರುದಿನ ಸಂಜೆ ವಾಪಸು ಬಂದಾಗ ಮೈಯೆಲ್ಲ ಸುಣ್ಣದ ಧೂಳು. ತಂಗಿ ಮಂಚದ ಮೇಲೇ ಸತ್ತಿದ್ದಳು. ಗೋಡೆ ಮೈಮೇಲೆ ಬಿದ್ದಿತ್ತು. "ಅವಳು ಓಡಲೂ ಇಲ್ಲ, ಯಾರೂ ಅವಳಿಗೆ ಓಡು ಅಂತ ಹೇಳಿಲ್ಲ" ಅಂದಳು. ಆಮೇಲೆ ನನ್ನ ಮುಖ ನೋಡಿ, "ನೀನು ಅವರ ದೇಶಕ್ಕೆ ಹೋಗುತ್ತೀಯ. ಅಲ್ಲಿ ಹೇಳು" ಅಂದಳು. ಅಷ್ಟೇ. ಅಳಲಿಲ್ಲ. ನಾನು ಅತ್ತೆ, ಅವಳಿಗೆ ಅದು ಹಿಡಿಸಲಿಲ್ಲ. ಎದ್ದು ಮುಖ ತೊಳೆಯಲು ಹೋದಳು.

ಎರಡು ದಿನ ಕಳೆದ ಮೇಲೆ ಸೈನಿಕರು ಮನೆ ಬಾಗಿಲಿಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ಒಳ್ಳೆಯ ಹುಡುಗರೇ. ಒಬ್ಬ ನನ್ನ ಸೂಟ್‌ಕೇಸ್ ಹೊತ್ತ, ಚೂಯಿಂಗ್ ಗಮ್ ಕೊಟ್ಟ. ವಿಮಾನ ಅಮೆರಿಕದಲ್ಲಿ ಇಳಿದಾಗ ಕೆಲವರು ನೆಲಕ್ಕೆ ಮುತ್ತಿಟ್ಟರು. ಟಿವಿಯವರು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಅವರ ಹಿಂದೆ ಚೂಡಿದಾರದಲ್ಲಿ ನಿಂತಿದ್ದ ನಾನೂ ಕಾಣಿಸಿದೆನಂತೆ. ಡೆಟ್ರಾಯಿಟ್‌ನ ಕನ್ನಡದವರೆಲ್ಲ ನೋಡಿದರು. ಅಮ್ಮ ಅಷ್ಟು ವರ್ಷ ಕಾಫಿ ಪಾತ್ರೆಯ ಹಿಂದೆ ಮುಚ್ಚಿಟ್ಟಿದ್ದ ದ್ವೀಪ ಒಂದೇ ಸಂಜೆಯಲ್ಲಿ ಬಯಲಾಯಿತು. ಆದರೆ ಮೂಗು ಮುರಿಯುತ್ತಿದ್ದವರೇ ಈಗ ಅಡಿಗೆ ಮಾಡಿಕೊಂಡು ಮನೆಗೆ ಬಂದರು.

ಅಪ್ಪನ ಹಳೆಯ ಬಾಸ್ ಕೂಡ ಫೋನ್ ಮಾಡಿದ. ನಾನು ಬದುಕಿ ಬಂದದ್ದಕ್ಕೆ ಸಂತೋಷ ಹೇಳಿ, ತನ್ನ ಮಗನೂ ಸೈನಿಕ, ಈಗ ಅದೇ ದ್ವೀಪದಲ್ಲಿದ್ದಾನೆ ಅಂದ. ಅಪ್ಪ ಫೋನ್ ಇಟ್ಟು ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದರು. ಆಮೇಲೆ ಅಮ್ಮನನ್ನು ಕೂಗಿ, "ಏನೇ, ರಾಜ್ಯೋತ್ಸವಕ್ಕೆ ನಮ್ಮ ಬಾಸ್‌ನ ಕರೆದು ಸನ್ಮಾನ ಮಾಡಿದ್ರೆ ಹೇಗೆ?" ಅಂದರು.

ಅಪ್ಪ ಆ ವರ್ಷ ಕನ್ನಡ ಕೂಟದ ಸೆಕ್ರೆಟರಿ. ಕೆಲಸವಿಲ್ಲದವರಿಗೆ ಕೂಟದ ಕೆಲಸ ತಾನಾಗಿ ಬಂದು ಕುತ್ತಿಗೆಗೆ ಬೀಳುತ್ತದೆ. ಸನ್ಮಾನ ಮಾಡಿದರೆ ಎಂಥವನೂ ಕರಗುತ್ತಾನೆ ಅನ್ನುವುದು ನಮ್ಮವರ ನಂಬಿಕೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ತಲೆಗೆ ಮೈಸೂರು ಪೇಟ ಇಟ್ಟರೆ ಮುಗಿಯಿತು, ಆ ಮನುಷ್ಯ ನಮ್ಮವನಾದ. ಬಾಸ್ ಒಪ್ಪಿಕೊಂಡೂಬಿಟ್ಟ.

"ನೀನು ಜಾಸ್ತಿ ಏನೂ ಮಾತಾಡ್ಬೇಡ ಪುಟ್ಟೀ" ಅಂದರು ಅಪ್ಪ. "ಸ್ಟೇಜ್ ಮೇಲೆ ಬಂದು ಒಂದು ಥ್ಯಾಂಕ್ಸ್ ಹೇಳು. ಅಷ್ಟು ಸಾಕು."

"ಯಾವುದಕ್ಕೆ ಥ್ಯಾಂಕ್ಸು?"

"ನಿನ್ನ ಜೀವ ಉಳಿಸಿದ್ದಕ್ಕೆ ಕಣಮ್ಮ!"

"ಹಾಗಾದ್ರೆ ಅವಳ ಜೀವ ತೆಗೆದದ್ದಕ್ಕೆ?"

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಅವಳ್ಯಾರೇ ನಿಂಗೆ? ಅಕ್ಕನಾ, ತಂಗೀನಾ? ಇಲ್ಲಿ ನಿಮ್ಮಪ್ಪ ಕೆಲಸ ಇಲ್ಲದೆ ಕೂತಿದಾನೆ, ಅದು ಕಣ್ಣಿಗೆ ಕಾಣಲ್ವಾ?" ಕಾಣುತ್ತಿತ್ತು. ಅಪ್ಪನ ಕಾಲರಿನ ಸುತ್ತ ಕುತ್ತಿಗೆ ಸಣ್ಣಗಾಗಿದ್ದೂ ಕಾಣುತ್ತಿತ್ತು. ನಾನು ಆಗಲಿ ಅಂದೆ, ಮತ್ತು ನಿಜವಾಗಿಯೂ ಥ್ಯಾಂಕ್ಸ್ ಹೇಳಿ ಇಳಿಯುವುದೆಂದೇ ತೀರ್ಮಾನಿಸಿದ್ದೆ.

ನಮ್ಮಲ್ಲಿ ರಾಜ್ಯೋತ್ಸವಕ್ಕೆ ನವೆಂಬರ್ ಒಂದೇ ಆಗಬೇಕೆಂದಿಲ್ಲ, ಸ್ಕೂಲಿನ ಹಾಲ್ ಸಿಕ್ಕ ದಿನವೇ ರಾಜ್ಯೋತ್ಸವ. ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಭಾತ್, ಹೊರಗೆ ಹಿಮ ಬೀಳುವ ಹಾಗೆ ಕವಿದ ಮೋಡ, ಒಳಗೆ ರೇಷ್ಮೆ ಸೀರೆಗಳ ಮೇಲೆ ದಪ್ಪ ಕೋಟು. ಮುಖ್ಯ ಅತಿಥಿ ಶಿಕಾಗೋ ಕಡೆಯ ಶಾಮ್‌ಬರ್ಗ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಒಬ್ಬ ಡಾಕ್ಟರ್ ಅಂಕಲ್. ಮಕ್ಕಳ ಡಾಕ್ಟರು. ನಾನು ಓದುತ್ತಿರುವುದೂ ಡಾಕ್ಟರಿಕೆಯೇ ಅಂತ ಗೊತ್ತಿದ್ದೂ ನನ್ನ ಕೆನ್ನೆ ಹಿಂಡಿದರು.

ಬೆಳಗ್ಗೆಯಷ್ಟೇ ನಾನು ದ್ವೀಪದಲ್ಲಿ ತೆಗೆದ ಫಿಲಂ ರೋಲ್ ತೊಳೆಸಿ ತಂದಿದ್ದೆ. ಅದರಲ್ಲಿ ಆ ತಂಗಿಯ ಫೋಟೋ ಒಂದಿತ್ತು. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ಹಣೆಗೆ ಕುಂಕುಮ ಇಟ್ಟುಕೊಂಡು, ಹಲ್ಲು ತೋರಿಸಿ ನಗುತ್ತಿದ್ದಳು. ಕಾರಿನಲ್ಲಿ ಅಮ್ಮನಿಗೆ ತೋರಿಸಿದೆ. "ನಮ್ಮೋಳ ಹಾಗೇ ಇದಾಳಲ್ಲೇ, ಪಾಪ" ಅಂದವಳು ಅಪ್ಪ ಕನ್ನಡಿಯಲ್ಲಿ ನೋಡಿದ್ದೇ ಫೋಟೋ ವಾಪಸು ಕೊಟ್ಟಳು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡೇ ಸ್ಟೇಜ್ ಹತ್ತಿದೆ.

ಬಾಸ್ ಬಂದ, ಜೊತೆಗೆ ಹೆಂಡತಿ. ಕೆಂಪು ಮುಖದ ದೊಡ್ಡ ಆಳು, ನಮ್ಮ ಪೇಟ ಅವನ ತಲೆಗೆ ಹಿಡಿಸದೆ ಕಿವಿಯ ಮೇಲೇ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ತಟ್ಟೆಯಲ್ಲಿ ಇನ್ನೊಂದು ಗಂಧದ ಹಾರವಿತ್ತು, ಹೆಂಡತಿಗೆ ಅಂತ. ಆದರೆ ಆಕೆ ಕುತ್ತಿಗೆ ಬಗ್ಗಿಸುವ ಬದಲು ತನ್ನ ಕೈಚೀಲದಿಂದ ಒಂದು ಫೋಟೋ ತೆಗೆದಳು. ಕಟ್ಟು ಹಾಕಿದ ಫೋಟೋ, ಯೂನಿಫಾರಂನಲ್ಲಿ ಮಗ. ಈ ಗೌರವ ಸಲ್ಲಬೇಕಾದ್ದು ಇವನಿಗೆ, ಇವನು ಬರಲಾಗಲಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಅಪ್ಪನ ಕೈಯಲ್ಲಿ ಹಾರ. ಎದುರಿಗೆ ಫೋಟೋ. ಬಾಸ್ ನಗುತ್ತಾ ನೋಡುತ್ತಿದ್ದಾನೆ. ಅಪ್ಪ ಆ ಫೋಟೋಗೆ ಹಾರ ಹಾಕಿಯೇಬಿಟ್ಟರು. ಕೂಟದ ಯಾರೋ ಬುದ್ಧಿವಂತ ಅದನ್ನು ತೆಗೆದುಕೊಂಡು ಹೋಗಿ ಉರಿಯುತ್ತಿದ್ದ ದೀಪದ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿದ.

ಹಾಲ್‌ನಲ್ಲಿ ಚಪ್ಪಾಳೆ ಅರ್ಧಕ್ಕೆ ನಿಂತಿತು. ಮುಂದಿನ ಸಾಲಿನ ಆಂಟಿ ಒಬ್ಬರು "ಅಯ್ಯಯ್ಯೋ, ಶಾಂತಂ ಪಾಪಂ" ಅಂತ ಬಾಯಿಗೆ ಸೆರಗು ಹಿಡಿದರು. ಯಾವ ಮನೆಯಲ್ಲಿ ಫೋಟೋಗೆ ಗಂಧದ ಹಾರ ಹಾಕಿ ದೀಪ ಹಚ್ಚಿರುತ್ತಾರೆ ಅಂತ ನಮ್ಮವರಿಗೆ ಹೇಳಿಕೊಡಬೇಕೇ? ಅಪ್ಪನಿಗೂ ಹೊಳೆದಿರಬೇಕು, ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಆದರೆ ಗಂಡಹೆಂಡತಿ ಇಬ್ಬರೂ ಫೋಟೋ ಚೆನ್ನಾಗಿ ಕಾಣುತ್ತದೆಂದು ಖುಷಿಯಾಗಿದ್ದರು. ಹಾಕಿದ್ದನ್ನು ತೆಗೆಯುವುದು ಹೇಗೆ? ಅಪ್ಪ ಮೈಕ್ ತೆಗೆದು ನನ್ನ ಕೈಗೆ ಕೊಟ್ಟು "ಹೇಳು, ಬೇಗ" ಅಂದರು.

ನಾನು ಥ್ಯಾಂಕ್ಸ್ ಹೇಳಲಿಕ್ಕೇ ಬಾಯಿ ತೆರೆದೆ. ಆ ಫೋಟೋ ಕಣ್ಣಿಗೆ ಬಿತ್ತು. ಬದುಕಿರುವ ಹುಡುಗನಿಗೆ ಸತ್ತವರ ಮರ್ಯಾದೆ, ಸತ್ತವಳು ನನ್ನ ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕದಲ್ಲಿ. ನನಗೆ ಮೈ ಉರಿದುಹೋಯಿತು. ಮೇಜಿನ ಹತ್ತಿರ ಹೋಗಿ ಹಾರ ತೆಗೆದೆ. ಬ್ಯಾಗಿನಿಂದ ಅವಳ ಫೋಟೋ ತೆಗೆದು ದೀಪಕ್ಕೆ ಒರಗಿಸಿ, ಹಾರ ಅವಳ ಮುಂದೆ ಸುತ್ತಿ ಇಟ್ಟೆ. ಸಣ್ಣ ಫೋಟೋ, ಹಾರ ಅವಳನ್ನು ಪೂರ್ತಿ ಬಳಸಿಕೊಂಡಿತು. ಆಮೇಲೆ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ.

"ನಮ್ಮಲ್ಲಿ ಈ ಹಾರ ಫೋಟೋಗೆ ಹಾಕುವುದು ಸತ್ತವರಿಗೆ. ನಿಮ್ಮ ಮಗ ಬದುಕಿದ್ದಾನೆ. ಈಕೆ ಸತ್ತಿದ್ದಾಳೆ. ಹುಚ್ಚಾಸ್ಪತ್ರೆಯ ಮಂಚದ ಮೇಲೆ ಮಲಗಿದ್ದವಳ ಮೇಲೆ ನನ್ನನ್ನು ಕಾಪಾಡಲು ಬಂದವರು ಬಾಂಬು ಹಾಕಿದರು."

ಬಾಸಿನ ಹೆಂಡತಿ ಆಮೇಲಿನ ಮಾತು ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಮೊದಲನೆಯ ವಾಕ್ಯದಲ್ಲೇ ನಿಂತುಬಿಟ್ಟಿದ್ದಳು. "ಸತ್ತವರಿಗಾ?" ಅಂದಳು. "ನನ್ನ ಮಗನ ಫೋಟೋಗೆ ಯಾಕೆ ಹಾಕಿದಿರಿ? ನಿಮಗೇನಾದರೂ ಗೊತ್ತಾ? ಯಾರಾದರೂ ಫೋನ್ ಮಾಡಿದ್ದಾರಾ?" ಅಪ್ಪನ ಕೋಟಿನ ತೋಳು ಹಿಡಿದು ಜಗ್ಗುತ್ತಾ ಅದನ್ನೇ ಕೇಳಿದಳು. ನನಗೆ ಅವಳನ್ನು ನೋಡಿ ಅಯ್ಯೋ ಅನ್ನಿಸಲಿಲ್ಲ. ಸಮಾಧಾನವಾಯಿತು. ಒಂದು ನಿಮಿಷವಾದರೂ ಈ ಹಾಲ್‌ನಲ್ಲಿ ಒಬ್ಬರಿಗೆ ಆ ದ್ವೀಪದಲ್ಲಿ ಜನ ಸಾಯುತ್ತಾರೆ ಅಂತ ಗೊತ್ತಾಯಿತಲ್ಲ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಬಾಸ್ ತಲೆಯಿಂದ ಪೇಟ ತೆಗೆದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಮೇಲಿಟ್ಟ. ಅವನು ಬಾಗಿಲ ಕಡೆ ತಿರುಗಿದ್ದನ್ನು ಅಪ್ಪ ನೋಡಿದರು. ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು.

"ಸರ್, ದಯವಿಟ್ಟು ಕ್ಷಮಿಸಿ" ಅಂದರು ಇಂಗ್ಲಿಷಿನಲ್ಲಿ. "ನನ್ನ ಮಗಳಿಗೆ ಆರೋಗ್ಯ ಸರಿಯಿಲ್ಲ. ಅಲ್ಲಿಂದ ಬಂದಮೇಲೆ ಅವಳ ಬುದ್ಧಿ ಸ್ಥಿಮಿತದಲ್ಲಿಲ್ಲ. ಇಲ್ಲದ್ದೆಲ್ಲ ಕಾಣುತ್ತದೆ, ಕೇಳಿಸುತ್ತದೆ. ನಾವು ಯಾರಿಗೂ ಹೇಳಿರಲಿಲ್ಲ."

"ಅಪ್ಪಾ!" ಅಂದೆ.

"ನೋಡಿ" ಅಂದರು ಅಪ್ಪ ನನ್ನ ಕಡೆ ಕೈ ತೋರಿಸಿ. ನಾನು ಕಿರುಚಿದ್ದೆ, ಕೂದಲು ಬಿಚ್ಚಿಹೋಗಿತ್ತು, ಎಲ್ಲರೂ ನೋಡಿದರು. ಹಾರದ ಬಗ್ಗೆ ಹೇಳಿದ್ದೂ ಇವಳ ಕಲ್ಪನೆಯೇ, ನಮ್ಮಲ್ಲಿ ವೀರರಿಗೆ ಹಾಕುವ ಹಾರ ಅದು ಅಂತ ಅಪ್ಪ ಆ ತಾಯಿಗೆ ವಿವರಿಸಿದರು. ಇಡೀ ಹಾಲ್ ಕೇಳಿಸಿಕೊಂಡಿತು, ಸುಳ್ಳೆಂದು ಎಲ್ಲರಿಗೂ ಗೊತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಸೆರಗು ಹಿಡಿದಿದ್ದ ಆಂಟಿ ಹೌದು ಹೌದೆಂದು ತಲೆಯಾಡಿಸಿದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬಿಸಿಬೇಳೆಭಾತಿನ ಟ್ರೇಗೆ ಮುಚ್ಚಳ ಹಾಕುತ್ತಿದ್ದಳು.

ಡಾಕ್ಟರ್ ಅಂಕಲ್ ಎದ್ದು ಬಂದು ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಬಾಸ್‌ಗೆ ಕೇಳುವ ಹಾಗೆ "ಶಾಕ್, ಶಾಕ್" ಅಂದರು. ಕಾರಿನಲ್ಲಿ ಸ್ಯಾಂಪಲ್ ಮಾತ್ರೆ ಇಟ್ಟಿದ್ದರು. ಬಾಸ್ ಅಪ್ಪನ ಹೆಗಲ ಮೇಲೆ ಕೈ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ನಿನ್ನ ಕಷ್ಟ ನನಗೆ ಗೊತ್ತಿರಲಿಲ್ಲ ಅಂದ. ಹೆಂಡತಿ ಮಗನ ಫೋಟೋ ಎದೆಗೆ ಒತ್ತಿಕೊಂಡು ನನ್ನನ್ನು ದೂರದಿಂದಲೇ ನೋಡಿದಳು, ನಾಯಿ ಕಚ್ಚೀತು ಅನ್ನುವ ಹಾಗೆ. ನಾನು ನನ್ನ ಫೋಟೋ ತೆಗೆದುಕೊಳ್ಳಲು ಮೇಜಿಗೆ ಹೋದಾಗ ಅದು ಅಲ್ಲಿರಲಿಲ್ಲ. ಯಾರು ತೆಗೆದರೋ, ಎಲ್ಲಿ ಎಸೆದರೋ. ನೆಗೆಟಿವ್ ಇದ್ದ ಕವರ್ ಕೂಡ ಮನೆಯಲ್ಲಿ ಮತ್ತೆ ಸಿಗಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಕೂಡಲೇ ಫೋನ್ ಬಂತು. ಅಪ್ಪನನ್ನು ಕೆಲಸಕ್ಕೆ ಕರೆದರು. ಅಪ್ಪನ ಜೊತೆಗೆ ಲೇಆಫ್ ಆದವರಲ್ಲಿ ಬೇರೆ ಯಾರನ್ನೂ ಕರೆಯಲಿಲ್ಲ. ಮನೆಯಲ್ಲಿ ಪಾಯಸ ಮಾಡಿದೆವು. ಮಾಡಿದೆವು ಅಂತಲೇ ಬರೆಯುತ್ತೇನೆ, ಶ್ಯಾವಿಗೆ ಹುರಿದದ್ದು ನಾನೇ. ಅಪ್ಪ ಎರಡು ಬಟ್ಟಲು ತಿಂದು, ಬೆಲ್ಟಿನ ಹಳೆಯ ತೂತಿಗೆ ಬಂದೆನೆಂದು ನಗುತ್ತಾ ತೋರಿಸಿದರು. ನನಗೂ ನಗು ಬಂತು. ಬಾಸಿನ ಮಗನೂ ಕ್ರಿಸ್‌ಮಸ್‌ಗೆ ನೆಟ್ಟಗೆ ಮನೆಗೆ ಬಂದ.

ಕಾಲೇಜಿನವರು ಹೊಸ ವರ್ಷದಲ್ಲಿ ಪಾಠ ಶುರುಮಾಡುತ್ತೇವೆ, ಬನ್ನಿ ಅಂದರು. ನಾನು ಬಟ್ಟೆ ಜೋಡಿಸಿಕೊಳ್ಳತೊಡಗಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಹೇಗೆ ಕಳಿಸ್ಲಿ ಪುಟ್ಟೀ? ನಿಂಗೆ ಹುಷಾರಿಲ್ಲ ಅಂತ ಹೇಳಿದೀನಿ. ಈಗ ಮೆಡಿಸಿನ್ ಓದಕ್ಕೆ ಹೋದ್ಲು ಅಂದ್ರೆ ಬಾಸ್ ಏನು ತಿಳ್ಕೋತಾರೆ?"

"ನಾನು ಹೇಳಿದ್ದು ನಿಜ ಅಂತ ತಿಳ್ಕೋತಾರೆ."

"ಅದಕ್ಕೇ ಹೇಳ್ತಿರೋದು" ಅಂದರು ಅಪ್ಪ. ಅಮ್ಮ ಸೂಟ್‌ಕೇಸಿನಿಂದ ಬಟ್ಟೆ ಒಂದೊಂದಾಗಿ ತೆಗೆದು ಮಡಿಸಿ ಬೀರುವಿಗೆ ಇಟ್ಟಳು.

ಶಾಮ್‌ಬರ್ಗ್‌ನ ಡಾಕ್ಟರ್ ಅಂಕಲ್ ಕಳಿಸುವ ಮಾತ್ರೆಯ ಪೊಟ್ಟಣ ಪೋಸ್ಟಿನಲ್ಲಿ ಬರುತ್ತಲೇ ಇತ್ತು. ನುಂಗಿದರೆ ನಾಲಿಗೆ ದಪ್ಪಗಾಗಿ, ಮಧ್ಯಾಹ್ನದವರೆಗೆ ತಲೆ ಎತ್ತಲಾಗುತ್ತಿರಲಿಲ್ಲ. ನನ್ನ ಬಗ್ಗೆ ಬಾಸ್ ಆಫೀಸಿನಲ್ಲಿ ದಿನಾ ವಿಚಾರಿಸುತ್ತಿದ್ದನಂತೆ. ಅವನ ಹೆಂಡತಿ ಚರ್ಚಿನಲ್ಲಿ ನನಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದಳಂತೆ. ಒಳ್ಳೆಯ ಜನ, ಅದನ್ನೇ ಅಪ್ಪ ಪದೇ ಪದೇ ಹೇಳುತ್ತಿದ್ದರು.

ಒಂದು ಬೆಳಗ್ಗೆ ಅಪ್ಪ ಟೈ ಕಟ್ಟಿಕೊಂಡು, ಕೈಯಲ್ಲಿ ನೀರಿನ ಲೋಟ ಹಿಡಿದು ನನ್ನ ರೂಮಿಗೆ ಬಂದರು. ಹೊರಗೆ ಕಾರು ಬಿಸಿಯಾಗಲೆಂದು ಸ್ಟಾರ್ಟ್ ಮಾಡಿ ಬಿಟ್ಟಿದ್ದರು.

"ಮಾತ್ರೆ ತಗೊಂಡ್ಯಾ?"

"ನಂಗೇನೂ ಆಗಿಲ್ಲ ಅಪ್ಪ. ನಿಮಗೆ ಗೊತ್ತು."

"ಗೊತ್ತು ಕಣಮ್ಮ" ಅಂದರು ಅಪ್ಪ. ಮಂಚದ ಅಂಚಿನಲ್ಲಿ ಕೂತು ನನ್ನ ತಲೆ ಸವರಿದರು. "ಆದ್ರೆ ಅವರು ಕೇಳ್ತಾರೆ, ಮಗಳು ಔಷಧಿ ತಗೋತಿದಾಳಾ ಅಂತ. ಅಷ್ಟು ಒಳ್ಳೇ ಮನುಷ್ಯನ ಹತ್ರ ದಿನಾ ಹೇಗೆ ಸುಳ್ಳು ಹೇಳ್ಲಿ, ಹೇಳು?"

ನಾನು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅಪ್ಪ ಏಳಲಿಲ್ಲ.

"ಬಾಯಿ ತೆಗಿ" ಅಂದರು. ತೆಗೆದೆ. "ನಾಲಿಗೆ ಎತ್ತು" ಅಂದರು. ಎತ್ತಿದೆ. ಬಗ್ಗಿ ನೋಡಿ, ಲೋಟ ಕಿಟಕಿಯ ಮೇಲಿಟ್ಟು, ಕೆಲಸಕ್ಕೆ ಹೋದರು.